ಆರು ಬಸಿ, ಐದು ಕಪ್ಪು

ನಮ್ಮ ಮನೆಯ ಗೋಡೆ ಬೀರುವಿನಲ್ಲಿ ಆರು ಬಸಿ, ಅಂದರೆ ಸಾಸರು, ಐದು ಕಪ್ಪು ಇದ್ದವು. ಅಜ್ಜ ಮುಂಬಯಿಯಿಂದ ತಂದ ಜಪಾನಿನ ಪಿಂಗಾಣಿ. ಅವುಗಳ ಮೇಲೆ ಕೆಂಪು, ಹಸಿರು, ಬಂಗಾರದ ಬಣ್ಣದಲ್ಲಿ ಬರೆದ ಹೂಗಳು ಮುಟ್ಟಿದರೆ ರಂಗೋಲಿ ಎಳೆಯ ಹಾಗೆ ಬೆರಳಿಗೆ ಸಿಗುತ್ತಿದ್ದವು. ಅವುಗಳಲ್ಲಿ ಚಹಾ ಕುಡಿದವರನ್ನು ನಾನು ಕಂಡಿಲ್ಲ. ಆರನೆಯ ಕಪ್ಪು ಎಲ್ಲಿ ಎಂದರೆ ಅವ್ವ "ಒಡದು ಹೋತು" ಅನ್ನುತ್ತಿದ್ದಳು. ಯಾರೂ ಬಳಸದ ಕಪ್ಪು ಹೇಗೆ ಒಡೆಯಿತು ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನನಗೆ ಹಳೆಯ ಜಪಾನಿ ಪಿಂಗಾಣಿ ಕೂಡಿಹಾಕುವ ಹುಚ್ಚು ಹತ್ತಿತು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ರವಿವಾರ ಬಂತೆಂದರೆ ಸ್ಕೂಟರ್ ಹತ್ತಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ಹಳೇ ಮನೆಗಳ ಬಾಗಿಲು ಬಡಿಯುವುದು. ಒಂದು ಹೂದಾನಿ, ಎರಡು ತಟ್ಟೆ, ಮುಚ್ಚಳವಿಲ್ಲದ ಒಂದು ಕೆಟಲಿ ಸಿಕ್ಕವು. ಆದರೆ ನನ್ನ ಜೀವವೆಲ್ಲ ಆರನೆಯ ಬಸಿಗೆ ಜೋಡಿಯಾಗುವ ಕಪ್ಪು ಹುಡುಕುವುದರಲ್ಲಿತ್ತು. ಆ ಖಾಲಿ ಬಸಿ ನೋಡಿದಾಗಲೆಲ್ಲ ಕಸಿವಿಸಿಯಾಗುತ್ತಿತ್ತು.

ಕೇಳುವುದೇ ಒಂದು ಪೇಚು. ಕೊಟ್ಟೂರಿನ ಪಾತ್ರೆ ಅಂಗಡಿಯವರು ನನ್ನನ್ನೇ ತಬ್ಬಿಬ್ಬು ಮಾಡಿದರು.

"ನೋಡ್ರಿ ಮಾಸ್ತರ, ಜರ್ಮನ್ ಅಂದ್ರ ಹಗೂರ ಪಾತ್ರಿ. ಚೀನಿ ಅಂದ್ರ ಉಪ್ಪಿನಕಾಯಿ ಜಾಡಿ. ಜಪಾನ್ ಅಂದ್ರ ಯಾತರದ್ರಿ?"

"ಅದೂ ಚೀನೀದ ರೀ, ಆದ್ರ ಜಪಾನಿಂದು" ಎಂದೆ.

ಅವರು ಕನಿಕರದಿಂದ ನೋಡಿ ಒಂದು ಜರ್ಮನ್, ಅಂದರೆ ಅಲ್ಯೂಮಿನಿಯಂ, ಚರಿಗೆ ಕೈಗಿಟ್ಟರು. ನಾನು ಕೊಂಡೂ ಬಿಟ್ಟೆ. ಯಾಕೆಂದು ಇವತ್ತಿಗೂ ತಿಳಿದಿಲ್ಲ.

ಆ ಚರಿಗೆ ಕಂಡು ಅವ್ವನಿಗೆ ತಡೆಯಲಾಗಲಿಲ್ಲ. "ಊರೂರು ಯಾಕ ತಿರಗ್ತಿ? ಅದು ಒಡದಿಲ್ಲ. ಅದು ಹೊರಗಿನ ಕಪ್ಪು. ಆಳುಮಗ ಚಾ ಕುಡಿಯಾಕ ಅಂತ ನಿಮ್ಮಜ್ಜಿ ದನದ ಕೊಟ್ಟಿಗಿ ಗೂಡಿನಾಗ ಇಟ್ಟಿದ್ಲು. ಕೆಲಸ ಬಿಡುವಾಗ ಅವನೇ ಒಯ್ದ. ಅವನ ಮಗಳು ಇಟ್ಟಿಗಿ ಊರಾಗ ಅದಾಳ."

"ಮತ್ತ ಬಸಿ?"

"ಆಳಿಗಿ ಬಸಿ ಯಾರ ಕೊಡ್ತಾರ? ಕಪ್ಪು ತಂದ್ರೂ ಆ ಐದರ ಜೋಡಿ ಇಡಬ್ಯಾಡ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕಪ್ಪಿನ ಸುಳಿವು ಸಿಕ್ಕಿತಲ್ಲ ಎಂಬ ಖುಷಿಯೂ ಜೊತೆಗೇ ಆಯಿತು, ಅದಕ್ಕೆ ನಾಚಿಕೆಯೂ ಆಯಿತು.

ಇಟ್ಟಿಗಿಯಲ್ಲಿ ಆಕೆ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಯಾರ ಮನೆಯವನೆಂದು ಹೇಳಿ, "ಅಕ್ಕಾ, ಆ ಕಪ್ಪು ಐತೇನ್ರಿ?" ಎಂದೆ. ಒಳಗೆ ಹೋಗಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದನ್ನು ತಂದರು. ಅದೇ ಕೆಂಪು, ಅದೇ ಬಂಗಾರ. ಹಿಡಿಕೆಯ ಬಳಿ ಮಾತ್ರ ಬಣ್ಣ ಸವೆದಿತ್ತು. ನಾನು ಬಲ್ಲವನಂತೆ ಬೋರಲು ಹಾಕಿ ತಳದ ಮುದ್ರೆ ನೋಡಿದೆ.

"ಅಲ್ಲೇನ್ ನೋಡ್ತೀರಿ? ಒಳಗಿನಾಕಿನ್ನ ನೋಡ್ರಿ."

"ಯಾವಾಕಿ?"

"ನಿಮಗ ಗೊತ್ತಿಲ್ಲೇನು?" ಎನ್ನುತ್ತ ಕಪ್ಪನ್ನು ತೆಗೆದುಕೊಂಡು ಬಿಸಿಲಿಗೆ ಎತ್ತಿ ಹಿಡಿದರು. ಬೆಳಕು ಹಾಯ್ದ ತೆಳ್ಳನೆಯ ತಳದಲ್ಲಿ, ಪಿಂಗಾಣಿಯಲ್ಲೇ ಅಚ್ಚೊತ್ತಿದ್ದ, ಎತ್ತರದ ತುರುಬಿನ ಒಬ್ಬ ಹೆಂಗಸಿನ ಮುಖ ಮೂಡಿತು. "ಬಸಿ ಕೊಟ್ಟಿದ್ರ ನಮ್ಮಪ್ಪ ಎಲ್ಲಾರಂಗ ಬಸ್ಯಾಗ ಸುರುವಿಕೊಂಡು ಕುಡೀತಿದ್ದ. ಕೊಡಲಿಲ್ಲ ನೋಡ್ರಿ, ಹೊರಗ ಬಿಸಲಾಗ ಕಪ್ಪು ಎತ್ತಿ ಕುಡದ. ಅದಕ್ಕ ಈಕಿ ನಮಗ ಸಿಕ್ಲು."

ನಾನು ಬೆಪ್ಪಾದೆ. ಮೂರು ತಲೆಮಾರು ಬೀರುವಿಗೆ ಬೀಗ ಹಾಕಿಟ್ಟುಕೊಂಡ ನಮ್ಮಲ್ಲಿ ಒಬ್ಬರೂ ಆಕೆಯ ಮುಖ ನೋಡಿರಲಿಲ್ಲ. ಆದರೂ ಬಾಯಿ ಕೇಳಲಿಲ್ಲ. "ನನಗ ಕೊಡ್ತೀರೇನ್ ಅಕ್ಕಾ? ಆ ಐದರ ಜೋಡಿ ಕೂಡಿಸಬೇಕು" ಎಂದೆ.

ಆಕೆ ಕಪ್ಪನ್ನು ಮತ್ತೆ ಅರಿವೆಯಲ್ಲಿ ಸುತ್ತಿದರು. "ಜೋಡಿ ಕೂಡಬೇಕಂದ್ರ ಆ ಐದನ್ನ ಇಲ್ಲಿಗಿ ತರ್ರಿ. ನಾವು ಒಳಗ ಇಡ್ತೀವಿ."

ಮನೆಗೆ ಬಂದು ಐದನ್ನೂ ಒಂದೊಂದಾಗಿ ಕಿಟಕಿಗೆ ಹಿಡಿದೆ. ಐದರಲ್ಲೂ ಆ ತುರುಬಿನಾಕೆ ಇದ್ದಳು.

ಆರನೆಯ ಬಸಿಯನ್ನು ಇಟ್ಟಿಗಿಗೆ ಒಯ್ದು ಕೊಡೋಣವೆಂದು ಎಷ್ಟೋ ಸಲ ಚೀಲಕ್ಕೆ ಹಾಕಿಕೊಂಡಿದ್ದೇನೆ. ಈಗ ಬಸಿ ಕೊಟ್ಟರೆ ಆಕೆ ಏನೆಂದುಕೊಳ್ಳುತ್ತಾರೋ ಎಂದು ತಿಳಿಯದೆ, ಪ್ರತಿ ಸಲವೂ ಅದನ್ನು ತಿರುಗಿ ಬೀರುವಿನಲ್ಲಿಟ್ಟಿದ್ದೇನೆ.