ನಜೀರಣ್ಣನ ರಾಕೆಟ್ ಅಕ್ಷರ

ಕಿವಿಯ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಳ್ಳುವವರನ್ನು ನೋಡಿದ್ದೇನೆ. ಪೇಂಟರ್ ನಜೀರಣ್ಣ ಸಿಕ್ಕಿಸಿಕೊಳ್ಳುತ್ತಿದ್ದುದು ಶಾಲೆ ಮಕ್ಕಳ ಕೈವಾರ. ಮದ್ದೂರಿನಲ್ಲಿ ನನ್ನ ಫ್ಲೆಕ್ಸ್ ಅಂಗಡಿ ಶುರುವಾದ ಮೇಲೆ ಊರಿನ ಪೇಂಟರುಗಳೆಲ್ಲ ಒಬ್ಬೊಬ್ಬರಾಗಿ ಕುಂಚ ಕೆಳಗಿಟ್ಟರು, ಇವನೊಬ್ಬ ಇಡಲಿಲ್ಲ. ಕಾರಣ ಅವನ ಅಕ್ಷರ. ಕೈವಾರ ಮತ್ತು ಅಡಿಪಟ್ಟಿ, ಇಷ್ಟರಲ್ಲೇ ಕನ್ನಡ ಮುಗಿಯಬೇಕೆನ್ನುವುದು ಅವನ ಹಟ. ಪೂರ್ತಿ ವೃತ್ತ, ನೆಟ್ಟಗಿನ ಗೆರೆ, ತಲೆಕಟ್ಟಿನ ಜಾಗದಲ್ಲಿ ಇಟ್ಟಿಗೆಯಷ್ಟು ದಪ್ಪ ಪಟ್ಟಿ. ಜನ ಅದನ್ನು ರಾಕೆಟ್ ಅಕ್ಷರ ಅಂದರು. ಜಿಮ್ಮಿನವರು, ಮೊಬೈಲ್ ಅಂಗಡಿಯವರು ಮಂಡ್ಯದಿಂದ ಹುಡುಕಿಕೊಂಡು ಬರುತ್ತಿದ್ದರು.

ಓದುವುದು ಮಾತ್ರ ಓದುವವರ ಹಣೆಬರಹ. ಒಮ್ಮೆ ಕೆರಗೋಡಿನ ಖಾಸಗಿ ಬಸ್ಸಿಗೆ ಬೋರ್ಡು ಬರೆದ. ಮಾರನೇ ದಿನ ಹೆಂಗಸರು ಅದೇ ಬೋರ್ಡಿನ ಕೆಳಗೆ ನಿಂತು, "ಕೆರಗೋಡು ಬಸ್ಸು ಯಾವಾಗಣ್ಣ?" ಎಂದು ಕೇಳಿದರಂತೆ. ಕಂಡಕ್ಟರು ಜಗಳಕ್ಕೇ ಬಂದ. ನಜೀರಣ್ಣ ತಲೆ ಎತ್ತದೆ, "ಎಲ್ಡ್ ತಿಂಗ್ಳು ನೋಡ್ಲಿ, ಕಣ್ಗೆ ರೂಢಿ ಆಯ್ತದೆ. ಮೊದ್ಲ್ನೇ ದಿನ್ವೇ ಸೊಸೆ ಮಕ ಒಪ್ಪುತ್ತಾ?" ಅಂದ.

ಆ ಅಕ್ಷರವನ್ನು ಕಂಪ್ಯೂಟರಿಗೆ ಹಾಕಿ, ಅವನ ಹೆಸರಿನಲ್ಲೇ ಫಾಂಟ್ ಮಾಡಬೇಕೆಂಬ ಹುಚ್ಚು ನನಗೆ ಹಿಡಿಯಿತು. ವರ್ಣಮಾಲೆ ಪೂರ್ತಿ ಒಂದು ಪುಸ್ತಕದಲ್ಲಿ ಬರೆದುಕೊಡು, ನಿನ್ನ ನಂತರವೂ ಉಳಿಯುತ್ತದೆ ಎಂದೆ. ಅವನೋ ಬೋರ್ಡಿಗೆ ಬೇಕಾದ ಅಕ್ಷರವನ್ನಷ್ಟೇ ಬರೆಯುವವನು. "ಝ ಯಾರ್ಗ್ಲಾ ಬೇಕು? ಆ ಎಸ್ರಿನ ಅಂಗ್ಡಿ ಬರ್ಲಿ, ಅಕ್ಸರ ತಾನೇ ಬತ್ತದೆ. ಪುಸ್ತ್ಕದಲ್ಲಿ ಬರ್ಯಕೆ ನಾನೇನ್ ಮೇಸ್ಟ್ರಾ?" ಎನ್ನುತ್ತಿದ್ದ. ಎರಡು ವರ್ಷ ಬೇಡಿದೆ. ಮಂಡ್ಯ, ಮಳವಳ್ಳಿ ಸುತ್ತಿ ಅವನ ಬೋರ್ಡುಗಳ ಫೋಟೋ ಹೊಡೆದೆ. ಝ, ಢ, ಠ ಮೂರು ಮಾತ್ರ ಎಲ್ಲೂ ಸಿಗಲಿಲ್ಲ. ನಾನೇ ಬರೆದು ನೋಡಿದೆ. ಅವನ ಅಕ್ಷರಗಳ ಪಕ್ಕದಲ್ಲಿ ಕರೆಯದೆ ಊಟಕ್ಕೆ ಬಂದವರಂತೆ ಕಾಣುತ್ತಿದ್ದವು. ನನಗೆ ತಲೆ ಕೆಟ್ಟುಹೋಯಿತು.

ಸ್ನೇಹಿತನೊಬ್ಬನಿಂದ ಅವನಿಗೆ ಫೋನ್ ಮಾಡಿಸಿದೆ. ಮಳವಳ್ಳಿಯಲ್ಲಿ ಹೊಸ ಅಂಗಡಿ, 'ಝೇಂಕಾರ್ ಢೋಲು ಮತ್ತು ಪೀಠೋಪಕರಣ ಮಳಿಗೆ' ಎಂದು ಬರೆದಿಡಿ, ನಾವೇ ಬಂದು ಒಯ್ಯುತ್ತೇವೆ ಎಂದು ಹೇಳಿಸಿದೆ. ಆದರೆ ತಾನು ಬರೆದ ಬೋರ್ಡನ್ನು ತಾನೇ ತೂಗುಹಾಕದೆ ಬಿಡುವ ಜೀವವೇ ಅದು? ಮುಗಿದ ದಿನವೇ ಹೆಗಲ ಮೇಲಿಟ್ಟುಕೊಂಡು ಮಳವಳ್ಳಿ ಬಸ್ಸು ಹತ್ತಿದ್ದಾನೆ. ಬಿಸಿಲಲ್ಲಿ ಬೀದಿ ಬೀದಿ ಅಲೆದು, ಸಂಜೆ ಬೋರ್ಡಿನ ಸಮೇತ ನನ್ನ ಅಂಗಡಿಗೆ ಬಂದ.

"ಢೋಲು, ಕುರ್ಚಿ ಎಲ್ಡೂ ಮಾರೋ ಅಂಗ್ಡಿ ನಿನ್ ತಲೇಲಲ್ದೆ ಇನ್ನೆಲ್ಲೂ ಇರಕಿಲ್ಲ ಕಣ್ಲಾ."

ನಾಚಿಕೆಗೆಟ್ಟವನು ನಾನು. "ತಡಿಯಣ್ಣ, ಒಂದು ಫೋಟೋ ತಕ್ಕತೀನಿ," ಎಂದು ಮೊಬೈಲಿಗೆ ತಡಕಾಡಿದೆ. ಅಷ್ಟರಲ್ಲಿ ಅವನು ಚೀಲದಿಂದ ಬಿಳಿ ಬಣ್ಣದ ಡಬ್ಬ ತೆಗೆದು, ನನ್ನ ಬಾಗಿಲಲ್ಲೇ ಕೂತು ಮೊದಲು ಆ ಮೂರು ಅಕ್ಷರಕ್ಕೆ, ಆಮೇಲೆ ಇಡೀ ಬೋರ್ಡಿಗೆ ಬಳಿದುಬಿಟ್ಟ.

"ಅಂಗ್ಡಿನೇ ಇಲ್ದ ಮ್ಯಾಲೆ ಬೋರ್ಡ್ ಯಾಕೆ? ಬುಡು."

"ಎರಡು ವರ್ಷ ಕೇಳ್ದೆನಲ್ಲ, ಮೂರು ಅಕ್ಷರ ಕೊಟ್ಟಿದ್ರೆ ನಿನ್ ಗಂಟೇನ್ ಓಯ್ತಿತ್ತು?" ಎಂದು ಕೂಗಿದೆ. ಬೋರ್ಡನ್ನು ಅಲ್ಲೇ ಬಿಟ್ಟು, ತಿರುಗಿ ನೋಡದೆ ಹೋದ. ನನಗೂ ಜಂಬ, ಮೂರು ತಿಂಗಳು ಅವನ ಬೀದಿ ತುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎದೆನೋವು ಬಂದು ಹೋಗಿಬಿಟ್ಟ ಎಂದು ಸುದ್ದಿ ಬಂತು.

ಬೋರ್ಡು ನನ್ನ ಅಂಗಡಿಯಲ್ಲೇ ಇದೆ. ಬೆರಳಾಡಿಸಿದರೆ ಬಿಳಿಯ ಕೆಳಗೆ ಆ ದಪ್ಪ ಗೆರೆಗಳ ಅಂಚು ಕೈಗೆ ಹತ್ತುತ್ತದೆ. ಮರಳುಕಾಗದದಲ್ಲಿ ಮೆಲ್ಲಗೆ ಉಜ್ಜಿದರೆ ಮೂರೂ ಅಕ್ಷರ ಬಂದಾವು. ಎಷ್ಟೋ ಸಲ ಉಜ್ಜಲು ಕೂತಿದ್ದೇನೆ. ಅವನ ಮೇಲೂ ನನ್ನ ಮೇಲೂ ಒಟ್ಟಿಗೇ ಸಿಟ್ಟು ಬಂದು ಏಳುತ್ತೇನೆ. ಇನ್ನೊಮ್ಮೆ ಕೇಳದೆ ತೆಗೆದುಕೊಳ್ಳಲು ಮನಸ್ಸು ಬಾರದು. ಕೇಳೋಣವೆಂದರೆ ಮನುಷ್ಯನೇ ಇಲ್ಲ.