ಮೋಟರುಗಳು ನಿಂತ ಸಂಜೆ

ಅಕ್ಕನ ಹಾಡು ರೇಡಿಯೊದಲ್ಲಿ ಬರುವ ದಿನ ನಾನು ನಮ್ಮೂರು ಮಳವಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು, ಮದ್ದೂರಿನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ಬೆಸಗರಹಳ್ಳಿಯ ಅಕ್ಕನ ಮನೆಗೆ ಹೋದೆ. ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಅದರೊಳಗೆ ಸಾಲ್ಡರಿಂಗ್ ಐರನ್ನು, ಸೀಸದ ತಂತಿ, ಮಂಡ್ಯದ ರೇಡಿಯೊ ರಿಪೇರಿ ಅಂಗಡಿಯಲ್ಲಿ ಗೋಗರೆದು ತಂದ, ಉಗುರಿನಷ್ಟಗಲದ ಎರಡು ಹೊಸ ಟ್ರಾನ್ಸಿಸ್ಟರು. ಎಪ್ಪತ್ತರ ದಶಕದ ಕೊನೆ. ನಾನು ಮಂಡ್ಯದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹುಡುಗಿಯೊಬ್ಬಳು ಬೆಸುಗೆ ಹಾಕುತ್ತ ಕೂತಿದ್ದರೆ ನೋಡಿದವರು ಒಂದು ಕೊಂಕು ಆಡದೆ ಮುಂದೆ ಹೋಗುತ್ತಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಎಲ್ಲರಿಗೂ ತಿರುಗಿಸಿ ಕೊಟ್ಟು ಕೊಟ್ಟು ಮನೆಯಲ್ಲಿ ಬಜಾರಿ ಎಂದು ಹೆಸರು ತೆಗೆದುಕೊಂಡಿದ್ದೆ.

ಅಕ್ಕನನ್ನು ಕೊಟ್ಟಿದ್ದು ಹೊಲ ಗದ್ದೆ ಚೆನ್ನಾಗಿದ್ದ ಮನೆಗೆ. ಅವಳ ಮಾವ ಹೇಳಿದ್ದೇ ಅಲ್ಲಿ ಮಾತು. ರಾಗಿ ಬೀಸುವ ಪದಗಳು ಅಕ್ಕನಿಗೆ ನಮ್ಮ ಅಜ್ಜಿಯಿಂದ ಬಂದಿದ್ದವು, ಗಂಟಲೂ ಅಜ್ಜಿಯದೇ. ಮೈಸೂರಿನ ರೇಡಿಯೊದವರಿಗೆ ಹಳ್ಳಿ ಹೆಂಗಸರ ಪದ ಬೇಕಂತೆ ಎಂದು ಗೊತ್ತಾಗಿ ಭಾವ ಅವಳನ್ನು ಕರೆದುಕೊಂಡು ಹೋಗಿ ಹಾಡಿಸಿದರು. ಮನೆಯಲ್ಲಿ ಬಾಯಿ ಬಿಟ್ಟಿದ್ದು ವಾಪಸು ಬಂದ ಮೇಲೆ. "ಒಳಗೆ ಬೀಸೋ ಕಲ್ಲ ಮುಂದೆ ಆಡೋ ಪದವ ಊರ್ಗೆಲ್ಲ ಕೇಳಿಸ್ತೀರಾ?" ಎಂದು ಮಾವ ಊಟ ಬಿಟ್ಟು ಕೂತರು. ಕೊನೆಗೆ ಅವರ ತೀರ್ಮಾನ ಇಷ್ಟು: "ಆಗಿದ್ದಾಯ್ತು. ಒಂದ್ಸತಿ ಕಿವಿಯಾರ ಕೇಳ್ತೀನಿ. ಮನೆ ಮಾನ ಓಗೋವಂಗಿದ್ರೆ ಇದೇ ಕೊನೆ ಕಣವ್ವ. ಆಮೇಕೆ ಮೈಸೂರೂ ಇಲ್ಲ, ರೇಡಿಯಾನೂ ಇಲ್ಲ." ಅಕ್ಕ ಇನ್ನು ಮುಂದೆ ಹಾಡುತ್ತಾಳೋ ಇಲ್ಲವೋ ಎನ್ನುವುದು ಆ ಸಂಜೆಯ ಕಾಲು ಗಂಟೆಯ ಮೇಲೆ ನಿಂತಿತ್ತು.

ಆ ಮನೆಯ ರೇಡಿಯೊ ನಡೆಯುತ್ತಿದ್ದುದು ನಾನು ಮಾಡಿಕೊಟ್ಟಿದ್ದ ಬೇರೊಂದು ಡಬ್ಬದ ಮೇಲೆ. ಸೆಲ್ಲು ಹಾಕುವ ಬದಲು ಗೋಡೆಯ ಕರೆಂಟನ್ನೇ ಇಳಿಸಿ ಆರು ವೋಲ್ಟು ಕೊಡುವ ಎಲಿಮಿನೇಟರ್ ಒಂದನ್ನು ಆ ಡಬ್ಬದೊಳಗೆ ಕಟ್ಟಿದ್ದೆ. ಅದರೊಳಗೆ ರೆಗ್ಯುಲೇಟರು ಎಂಬ ಭಾಗವಿತ್ತು. ಮೇಲಿನಿಂದ ಎಷ್ಟೇ ಬರಲಿ, ರೇಡಿಯೊಗೆ ಆರೇ ವೋಲ್ಟು ಬಿಟ್ಟು, ಹೆಚ್ಚಾದದ್ದನ್ನು ಶಾಖ ಮಾಡಿ ಹೊರಗೆ ಹಾಕುವುದು ಅದರ ಕೆಲಸ. ಅದರ ಟ್ರಾನ್ಸಿಸ್ಟರು ಸುಟ್ಟಿತೋ, ಎಲ್ಲ ವೋಲ್ಟೂ ಒಮ್ಮೆಗೇ ನುಗ್ಗಿ ರೇಡಿಯೊವೂ ಬೂದಿ.

ಹಿಂದಿನ ವಾರ ಭಾವ ಮಳವಳ್ಳಿಗೆ ಬಂದಾಗ ಹೇಳಿದ್ದರು: "ನಿನ್ ಡಬ್ಬ ಒಂದೊಂದ್ ದಿನ ತಣ್ಣಗಿರ್ತದೆ, ಒಂದೊಂದ್ ದಿನ ಮುಟ್ಟಂಗಿಲ್ಲ, ಕೆಂಡ." ನನಗೆ ಮೈ ಉರಿಯಿತು. ನನ್ನ ಲೆಕ್ಕದಲ್ಲಿ ತಪ್ಪೇ? ಸಾಧ್ಯವೇ ಇಲ್ಲ! ಅದಕ್ಕೇ ಬೆಳಿಗ್ಗೆಯೇ ಹೋಗಿ ಕೂತದ್ದು.

ಮಧ್ಯಾಹ್ನದವರೆಗೂ ರೇಡಿಯೊ ಹಾಕಿಯೇ ಇಟ್ಟೆ. ಡಬ್ಬ ತಣ್ಣಗೆ ಕೂತಿತ್ತು. ಆದರೂ ಬಿಡಲಿಲ್ಲ, ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ, ಹಳೆಯ ಟ್ರಾನ್ಸಿಸ್ಟರು ಕಿತ್ತು ಹೊಸದನ್ನು ಕೂರಿಸಿದೆ, ಶಾಖ ಎಳೆಯಲಿ ಎಂದು ಅದರ ಬೆನ್ನಿಗೆ ಅಲ್ಯೂಮಿನಿಯಂ ತಗಡು ಬಿಗಿದೆ. "ಸೆಲ್ಲು ತಂದಿಡೋದಾ?" ಎಂದು ಭಾವ ಕೇಳಿದರು. "ಏನೂ ಬೇಡ, ಈಗ ಬೆಟ್ಟದಂತಿದೆ" ಎಂದು ಜಂಬ ಕೊಚ್ಚಿದೆ.

ಸಂಜೆ ಜನ ಬರತೊಡಗಿದರು. ಈ ಮನೆಯ ಸೊಸೆಯ ಪದ ರೇಡಿಯೊದಲ್ಲಿ ಬರುತ್ತದೆಂದು ಊರಿಗೆಲ್ಲ ಸುದ್ದಿಯಾಗಿತ್ತು. ಅಕ್ಕಪಕ್ಕದ ಗದ್ದೆಯವರು ಕೈಕಾಲು ತೊಳೆದು ಬಂದು ಅಂಗಳದಲ್ಲಿ ಕೂತರು, ಹೆಂಗಸರು ನಡುಮನೆ ತುಂಬಿದರು. ಮಾವ ಜಗಲಿಯ ಕಂಬಕ್ಕೆ ಒರಗಿ, ಯಾರ ಮುಖವನ್ನೂ ನೋಡದೆ ಕೂತಿದ್ದರು. ಅಕ್ಕ ಅಡುಗೆಮನೆಯ ಬಾಗಿಲು ದಾಟಿರಲಿಲ್ಲ. ನಾನು ಸುಮ್ಮನೆ ಅಭ್ಯಾಸಕ್ಕೆಂದು ಡಬ್ಬದ ಮೇಲೆ ಬೆರಳಿಟ್ಟೆ. ಚುರ್ ಎಂದಿತು.

ಭಾವನನ್ನು ಕರೆದು ಕಿವಿಯಲ್ಲಿ ಹೇಳಿದೆ. ಅವರು ಸೈಕಲ್ಲು ಹತ್ತಿ ಮದ್ದೂರಿನ ಕಡೆ ಸೆಲ್ಲಿಗಾಗಿ ಹೊರಟರು. ಅಷ್ಟು ದೂರ ಹೋಗಿ ಹಾಡಿನ ಹೊತ್ತಿಗೆ ಬರುವುದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ರೇಡಿಯೊ ಆರಿಸಿ ಡಬ್ಬದ ಮುಚ್ಚಳ ಬಿಚ್ಚಿದೆ. ತಂತಿ ತಂತಿಗೆ ತಾಗಿದೆಯೇ? ಇಲ್ಲ. ಟ್ರಾನ್ಸಿಸ್ಟರೇ ಕೆಟ್ಟದ್ದೇ? ಉಳಿದಿದ್ದ ಇನ್ನೊಂದನ್ನು ಹಾಕಿದೆ. ರೇಡಿಯೊ ಹಾಕಿ ಸ್ವಲ್ಪ ಹೊತ್ತಿಗೆ ಅದೂ ಕಾದಿತು. "ಏನವ್ವ, ಅದ್ರ ಒಟ್ಟೆ ಬಗ್ದು ನೋಡ್ತಾ ಇದ್ದೀಯಾ?" ಎಂದು ಅಂಗಳದಿಂದ ಯಾರೋ ನಕ್ಕರು. "ನಿಮ್ಮ ತಲೆ ಬಗೆದು ನೋಡಲಿ ಅಂತ ಕೂತಿದ್ದೀರಾ?" ಎಂದುಬಿಟ್ಟೆ. ಬೆಸುಗೆಯ ಹನಿ ಲಂಗದ ಮೇಲೆ ಬಿದ್ದು ತೂತಾಯಿತು.

ತಲೆ ಎತ್ತಿದಾಗ ಕಣ್ಣಿಗೆ ಬಲ್ಬು ಹೊಡೆಯಿತು. ಮಧ್ಯಾಹ್ನ ನಡುಮನೆಯ ಕತ್ತಲಿಗೆ ಹಾಕಿಕೊಂಡಾಗ ಹಣತೆಯಂತೆ ಮಂಕಾಗಿದ್ದ ಬಲ್ಬು ಈಗ ಬೆಳ್ಳಗೆ ಉರಿಯುತ್ತಿತ್ತು. ಹೊರಗೆ ಇಡೀ ದಿನ ಕಿವಿಗೆ ಬೀಳುತ್ತಿದ್ದ ಪಂಪ್‌ಸೆಟ್ಟುಗಳ ಸದ್ದೇ ಇಲ್ಲ. ನನಗೆ ಥಟ್ಟನೆ ಹೊಳೆಯಿತು. ಅಷ್ಟೂ ಮೋಟರುಗಳು ಇದೇ ಲೈನಿನಲ್ಲಿ ಕರೆಂಟು ಎಳೆಯುತ್ತಿದ್ದಾಗ ವೋಲ್ಟೇಜು ಕುಗ್ಗಿರುತ್ತಿತ್ತು, ನನ್ನ ಡಬ್ಬ ತಣ್ಣಗಿರುತ್ತಿತ್ತು. ಈಗ ಎಲ್ಲರೂ ಮೋಟರು ನಿಲ್ಲಿಸಿ ಅಕ್ಕನ ಪದ ಕೇಳಲು ಬಂದು ಕೂತಿದ್ದಾರೆ. ವೋಲ್ಟೇಜು ಏರಿ, ಹೆಚ್ಚಾದದ್ದೆಲ್ಲ ನನ್ನ ರೆಗ್ಯುಲೇಟರಿನ ತಲೆಯ ಮೇಲೆ ಬಿದ್ದಿದೆ. ಹಾಳಾದವರು ಪ್ರೀತಿಯಿಂದಲೇ ಕೊಲ್ಲುತ್ತಿದ್ದರು!

ಇವತ್ತು ಕೇಳಿದರೆ ದಾರಿಗಳು ಎಷ್ಟೋ ತೋಚುತ್ತವೆ, ಗೋಡೆಯ ಕರೆಂಟಿಗೂ ಡಬ್ಬಕ್ಕೂ ನಡುವೆ ಒಂದು ಬಲ್ಬು ಸೇರಿಸಿದ್ದರೂ ಹೆಚ್ಚಾದ ವೋಲ್ಟನ್ನು ಅದೇ ತಿನ್ನುತ್ತಿತ್ತು. ಅಂದು ಬುದ್ಧಿಗೆ ಮಂಕು ಕವಿದಿತ್ತು. ರೇಡಿಯೊದಲ್ಲಿ ಇನ್ನೇನು ಕಾರ್ಯಕ್ರಮದ ಹೆಸರು ಹೇಳುವ ಹೊತ್ತು. ಮನೆಯ ಹಿಂದೆಯೇ ಇದ್ದದ್ದು ಮಾವನ ಮೋಟರು. ಎಲ್ಲಕ್ಕಿಂತ ದೊಡ್ಡದು, ಅದೊಂದು ಓಡಿದರೆ ವೋಲ್ಟೇಜು ಇಳಿದೀತು. ಅದರ ಸ್ಟಾರ್ಟರಿನ ಗುಂಡಿಯನ್ನು ಮಾವ ಭಾವನಿಗೂ ಮುಟ್ಟಗೊಡುತ್ತಿರಲಿಲ್ಲ. ಪಂಪುಮನೆಯ ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು.

ಹೋಗಿ ಎದುರು ನಿಂತೆ. "ಮಾವ, ನಿಮ್ಮ ಮೋಟ್ರು ಹಾಕಿಸಬೇಕು. ಈಗಲೇ."

"ಗದ್ದೆಗೆ ನೀರ್ ತುಂಬದೆ. ಯಾಕಮ್ಮಿ?"

"ಹಾಕದಿದ್ದರೆ ಡಬ್ಬ ಸುಡುತ್ತದೆ, ರೇಡಿಯೊ ಸುಡುತ್ತದೆ, ಅಕ್ಕನ ಪದ ಬರುವುದಿಲ್ಲ."

ಅವರು ನನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದರು. ಅವರು ಸುಮ್ಮನೆ ಕೂತಿದ್ದರೆ ಸಾಕಿತ್ತು. ಅಕ್ಕನ ಹಾಡು ತಾನಾಗಿಯೇ ಮುಗಿದುಹೋಗುತ್ತಿತ್ತು. ಆದರೆ ಮಾವ ಎದ್ದರು. "ಬೀಗದ ಕೈ ಕೊಡಿ ಅಣ್ಣೋ, ನಾನ್ ಓಯ್ತೀನಿ" ಎಂದ ಅಂಗಳದವನೊಬ್ಬನಿಗೆ, "ನೀನ್ ಕುಂತ್ಕಳ್ಲಾ" ಎಂದು ಗದರಿ, ಪಂಚೆ ಎತ್ತಿ ಕಟ್ಟಿ, ಹಿತ್ತಿಲ ಕಡೆಗೆ ನಡೆದೇಬಿಟ್ಟರು.

ಪ್ರಕಟಣೆಯಲ್ಲಿ ಅಕ್ಕನ ಹೆಸರು ಬಂತು. ಹೆಂಗಸರು ಅಯ್ಯೋ ಎಂದು ಬಾಯಿ ಮೇಲೆ ಕೈಯಿಟ್ಟರು. ನಾನು ಒದ್ದೆ ಬಟ್ಟೆಯ ತುದಿಯನ್ನು ತಗಡಿಗೆ ಒತ್ತಿ ಹಿಡಿದಿದ್ದೆ. ಬಟ್ಟೆಯಿಂದ ಹಬೆ ಏಳುತ್ತಿತ್ತು. "ಜೋರಾಗ್ ಆಕು, ಕೇಳಿಸ್ತಿಲ್ಲ" ಎಂದು ಅಂಗಳದವರು ಕೂಗಿದರು. ಜೋರು ಮಾಡಿದಷ್ಟೂ ಇದು ಇನ್ನೂ ಕಾಯುತ್ತದೆ ಎಂದು ಯಾರಿಗೆ ಹೇಳಲಿ? ಅಕ್ಕನ ದನಿ ಎದ್ದಿತು. ಅಷ್ಟರಲ್ಲಿ ಹಿತ್ತಿಲ ಆಚೆ ಮೋಟರು ಗುರ್ ಎಂದಿತು, ಬಲ್ಬು ಕುಗ್ಗಿತು. ಮರುಕ್ಷಣ ಮೋಟರು ನಿಂತಿತು, ಬಲ್ಬು ಮತ್ತೆ ಬೆಳ್ಳಗಾಯಿತು. ಮತ್ತೆ ಗುರ್ ಎಂದಿತು. ಈ ಸಲ ನಿಲ್ಲಲಿಲ್ಲ.

ಆ ಕಾಲು ಗಂಟೆ ನನ್ನ ಎರಡು ಕಿವಿಯೂ ಮೋಟರಿನ ಕಡೆಗೆ, ಬೆರಳು ತಗಡಿನ ಮೇಲೆ. ಅಕ್ಕ ಏನು ಹಾಡಿದಳು, ಹೇಗೆ ಹಾಡಿದಳು, ಆಣೆಗೂ ನನಗೆ ಗೊತ್ತಿಲ್ಲ. ಶಾಖ ಮೆಲ್ಲಗೆ ಇಳಿಯಿತು. ಪದ ಮುಗಿದಾಗ ಅಕ್ಕನ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೋಟರು ನಿಂತಿತು. ಮಾವ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದರು. "ಮೋಟ್ರು ಆಕ್ಬುಟ್ಟು ಬರೋದಲ್ವಾ?" ಎಂದು ಅತ್ತೆ ಕೇಳಿದರು.

"ಎಲ್ ಬತ್ತೀಯೆ? ಆಳಾದ್ ಸ್ಟಾಟ್ರು, ಕೈ ಬುಟ್ರೆ ನಿಂತೋಯ್ತದೆ. ಅಮುಕ್ಕೊಂಡೇ ನಿಂತಿದ್ದೆ."

ಅಕ್ಕ ಒಳಗಿನಿಂದ ಚೊಂಬಿನಲ್ಲಿ ನೀರು ತಂದು, ತಲೆ ತಗ್ಗಿಸಿ, ಅವರ ಕಾಲಿಗೆ ಹಾಕತೊಡಗಿದಳು. ಇಡೀ ಅಂಗಳ ಮಾವನ ಬಾಯನ್ನೇ ನೋಡುತ್ತಿತ್ತು. ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿನ ಕೆಸರು ಉಜ್ಜಿಕೊಂಡರು.

"ನಂಗೇನ್ ಕೇಳಿಸ್ತು ಮಣ್ಣು? ಬರೀ ಮೋಟ್ರ ಸದ್ದು" ಎಂದರು. "ಕೇಳ್ದೆ ಎಂಗವ್ವ ತೀರ್ಮಾನ ಏಳಾದು? ಇನ್ನೊಂದ್ಸತಿ ಮೈಸೂರ್ಗೋಗಿ ಪದ ಆಡ್ಬುಟ್ ಬಾ."

ಚೊಂಬಿನ ನೀರು ಮುಗಿದಿತ್ತು. ಅಕ್ಕ ಅದನ್ನು ಬಗ್ಗಿಸಿಕೊಂಡೇ ನಿಂತಿದ್ದಳು.