ಮೊಣಕಾಲ ಕೆಳಗಿನ ದಿಂಬು

ನಮ್ಮ ಯೋಗದ ಟೀಚರ ಎರಡೂ ಪಾದದ ಹರಡಿನ ಮೇಲೆ ರೂಪಾಯಿ ಅಗಲದ ಕಪ್ಪು ಜಡ್ಡು ಕಟ್ಟಿತ್ತು. ಚಾಪೆಯನ್ನೂ ಹಾಸದೆ ಬರೀ ನೆಲದ ಮೇಲೆ ಪದ್ಮಾಸನ ಹಾಕಿ ಹಾಕಿ ಬಂದ ಜಡ್ಡು ಅದು. ಹೊಸಬರು ಸೇರಿದ ದಿನ ಚೂಡಿದಾರದ ಪ್ಯಾಂಟಿನ ಅಂಚು ಮೇಲೆತ್ತಿ ತೋರಿಸುತ್ತಿದ್ದರು. "ನೋಡ್ಕೊಳ್ಳಿ, ಇದೇ ನನ್ ಸರ್ಟಿಫಿಕೇಟು."

ಬಸವೇಶ್ವರನಗರದಲ್ಲಿ ನಮ್ಮ ಮನೆಯ ಹಿಂದಿನ ಕ್ರಾಸಿನಲ್ಲೇ ಅವರ ಮನೆ. ಗಣೇಶನ ಗುಡಿಯ ಮೇಲಿನ ಹಾಲಿನಲ್ಲಿ ಬೆಳಗಿನ ಕ್ಲಾಸು. ಮಳೆ ಬರಲಿ, ಬಂದ್ ಇರಲಿ, ಬಾಗಿಲು ತೆಗೆದು ಕಸ ಗುಡಿಸಿ ಕೂತಿರುತ್ತಿದ್ದರು. ಒಳ್ಳೆಯದನ್ನೂ ಹೇಳಲೇಬೇಕಲ್ಲ, ಮನಸ್ಸಿಲ್ಲದಿದ್ದರೂ ಹೇಳುತ್ತೇನೆ: ನನಗೆ ನೆಟ್ಟಗೆ ಉಸಿರಾಡುವುದನ್ನು ಕಲಿಸಿದವರು ಅವರೇ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವಳು ಅವರ ಕೈಕೆಳಗೆ ಆರಾಮಾದೆ.

ಆದರೆ ಅವರ ಲೆಕ್ಕದಲ್ಲಿ ಪದ್ಮಾಸನ ಬಾರದವರು ಅರ್ಧ ಮನುಷ್ಯರು. ಯಾರ ಮೊಣಕಾಲು ನೆಲ ಮುಟ್ಟುವುದಿಲ್ಲವೋ ಅವರ ಹಿಂದೆ ಬಂದು, ಎರಡೂ ಅಂಗೈ ಊರಿ, ಮೈಭಾರವೆಲ್ಲ ಬಿಟ್ಟು ಒತ್ತುವರು. ಬಾಯಲ್ಲಿ "ತಾಳಿದವಳು ಬಾಳಿಯಾಳು" ಅಂತ ಬೇರೆ. ಒಂದು ದಿನ ನನ್ನ ಸರದಿ ಬಂತು. ಎಡಮೊಣಕಾಲಿನೊಳಗೆ ಕಟಕ್ ಎಂದಿತು. ಪಕ್ಕದವರಿಗೂ ಕೇಳಿಸಿತು.

ಒಳಗಿನ ಮೆತ್ತೆ ಹರಿದಿದೆ, ಇನ್ನು ನೆಲದ ಮೇಲೆ ಕೂರುವುದನ್ನು ಮರೆತುಬಿಡಿ ಎಂದರು ಡಾಕ್ಟರು. ಮರೆಯುವುದು ಹೇಗೆ? ಲಿಂಗದೀಕ್ಷೆಯಾದ ದಿನದಿಂದ ಬೆಳಗ್ಗೆ ಮಣೆಯ ಮೇಲೆ ಕಾಲು ಮಡಿಸಿ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡದೆ ನಾನು ತಿಂಡಿ ತಿಂದವಳಲ್ಲ. ಈಗ ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ ಕೂತರೆ ಮೊಣಕೈಗೆ ಆಸರೆಯಿಲ್ಲ, ಕೈ ವಾಲಿ ಮಜ್ಜನದ ನೀರು ಸೀರೆಯ ಮೇಲೆ. ಪೂಜೆ ಮಾಡುತ್ತಲೇ ಅತ್ತಿದ್ದೇನೆ.

ಕುಂಟಿಕೊಂಡು ಹೋಗಿ ಟೀಚರಿಗೆ ಹೇಳಿದೆ. ಅಯ್ಯೋ ಪಾಪ ಅನ್ನುತ್ತಾರೆ ಅಂದುಕೊಂಡಿದ್ದೆ.

"ದೋಷ ನಿನ್ ಕಾಲಲ್ಲೇ ಇತ್ತು ಕಣಮ್ಮ. ನಾನ್ ಒತ್ತಿದ್ದಕ್ಕೆ ಗೊತ್ತಾಯ್ತು ಅಷ್ಟೆ" ಅಂದರು.

ಮೊಣಕಾಲಿನ ನೋವು ಹೇಗೋ ತಡೆದುಕೊಂಡೇನು, ಈ ಮಾತನ್ನಲ್ಲ. ಮತ್ತೆ ನೆಲದ ಮೇಲೆ ಕೂತೇ ಕೂರುತ್ತೇನೆ, ಅದೂ ನಿಮ್ಮ ಕಣ್ಣೆದುರಿಗೇ ಎಂದು ಅವತ್ತೇ ಹಲ್ಲು ಕಚ್ಚಿದೆ.

ನನಗೊಪ್ಪುವ ಯೋಗ ಹುಡುಕಿಕೊಂಡು ಊರೆಲ್ಲ ಅಲೆದೆ. ವಿಜಯನಗರದಲ್ಲಿ ಜಿಮ್ಮಿನ ಮೇಲೊಂದು ಕ್ಲಾಸು. ಜೋರು ಮ್ಯೂಸಿಕ್ ಹಾಕಿ ಹುಡುಗಿಯರು ನೆಗೆಯುತ್ತಿದ್ದರು, ನಾನು ಬ್ಯಾಗು ಕಾಯುತ್ತಾ ಕೂತೆ. ನಂದಿನಿ ಲೇಔಟಿನಲ್ಲಿ ಬರೀ ಕಮ್ಮಾರನ ತಿದಿ ಒತ್ತಿದ ಹಾಗೆ ಉಸಿರು ಬಿಡಿಸಿದರು. ತಲೆ ತಿರುಗಿ ಆಟೋದಲ್ಲಿ ವಾಪಸಾದೆ. ಕೊನೆಗೆ ಹೇರೋಹಳ್ಳಿಯ ಹೊಂಡದ ರಸ್ತೆಯಲ್ಲಿ ಒಂದು ಮನೆ ಸಿಕ್ಕಿತು. ಅಲ್ಲಿ ದಿಂಬು, ಬೆಲ್ಟು, ಗೋಡೆ, ಎಲ್ಲವನ್ನೂ ಆಸರೆ ಮಾಡಿಕೊಂಡು ನಿಧಾನಕ್ಕೆ ಮಾಡುವ ಯೋಗ. "ನೋವು ಶುರುವಾಗೋಕ್ ಮುಂಚೇನೇ ನಿಲ್ಸಿ ಆಂಟಿ, ಉಳಿದಿದ್ದನ್ನ ದಿಂಬು ನೋಡ್ಕೊಳತ್ತೆ" ಎಂದಳು ಅಲ್ಲಿನ ಹುಡುಗಿ. ಅಲ್ಲಿಗೇ ಸೇರಿಕೊಂಡೆ. ದಿನ ಕಳೆದ ಹಾಗೆ ಕಾಲು ಮಡಿಸಲು ಬಂತು. ಮೊಣಕಾಲ ಕೆಳಗೊಂದು ದಿಂಬಿಟ್ಟು ಮತ್ತೆ ಮಣೆಯ ಮೇಲೆ ಪೂಜೆಗೆ ಕೂತ ದಿನ ಮನೆಯವರೆಲ್ಲ ಬಂದು ನೋಡಿದರು.

ಮಾರನೆಯ ಬೆಳಗ್ಗೆಯೇ ಕಂಕುಳಲ್ಲಿ ದಿಂಬು ಇರುಕಿಕೊಂಡು ಟೀಚರ ಕ್ಲಾಸಿಗೆ ಹೋದೆ.

"ಏನಮ್ಮಾ, ಮಲಗೋಕ್ ಬಂದ್ಯಾ?" ಎಂದರು. ಎಲ್ಲರೂ ನಕ್ಕರು.

ನಾನು ಮುಂದಿನ ಸಾಲಿನಲ್ಲಿ, ಅವರ ಕಣ್ಣಿಗೆ ಚುಚ್ಚುವ ಹಾಗೆ, ದಿಂಬಿಟ್ಟು ಕೂತೆ. ದಿನಾ ಹೋದೆ. ಸ್ವಲ್ಪ ದಿನಕ್ಕೆ ಪಕ್ಕದವರೊಬ್ಬರು ದಿಂಬು ತಂದರು, ಆಮೇಲೆ ಹಿಂದಿನವರು. "ನನ್ ಕ್ಲಾಸನ್ನ ಹಾಸಿಗೆ ಅಂಗಡಿ ಮಾಡ್ಬಿಟ್ಯಲ್ಲೇ!" ಎಂದು ಟೀಚರು ಕೂಗಾಡಿದರೆ ನನಗೆ ಹಾಲು ಕುಡಿದಷ್ಟು ಸಂತೋಷ.

ಅಷ್ಟರಲ್ಲಿ ಅವರ ಮೊಣಕಾಲೇ ಕೈಕೊಟ್ಟಿತು. ಪದ್ಮಾಸನ ಹಾಕುವಾಗ ಮುಖ ಕೆಂಪಾಗುತ್ತಿತ್ತು, ಬಲಮೊಣಕಾಲು ನೆಲದಿಂದ ಗೇಣೆತ್ತರ ನಿಲ್ಲುತ್ತಿತ್ತು. ತಾವೇ ಅಂಗೈ ಊರಿ ಒತ್ತಿಕೊಳ್ಳುವರು. ತಮಗೂ ಅದೇ ಶಿಕ್ಷೆ. ಒಂದು ದಿನ ಎಲ್ಲರೆದುರಿಗೆ ಹೋಗಿ ನನ್ನ ದಿಂಬು ಚಾಚಿದೆ. ಕರುಣೆಯಿಂದಲ್ಲ, ಅವರು ತೆಗೆದುಕೊಳ್ಳುವುದನ್ನು ನೋಡಬೇಕಿತ್ತು.

ಅವರು ನನ್ನನ್ನು ದುರುಗುಟ್ಟಿ ನೋಡಿ, "ಸತ್ ಮೇಲೆ ಇಡು" ಎಂದರು.

ಕಳೆದ ವರ್ಷ ಒಂದು ಬೆಳಗ್ಗೆ ಕ್ಲಾಸಿನ ಬಾಗಿಲು ತೆಗೆದಿರಲಿಲ್ಲ. ಅವರ ಮನೆಗೇ ಹೋದೆವು. ನಿದ್ದೆಯಲ್ಲೇ ಹೋಗಿದ್ದರು. ಅವರೂ ನಮ್ಮವರೇ, ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಪೂಜೆಗೆ ಕೂತ ಹಾಗೆ ಕಾಲು ಮಡಿಸಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಹಾಗೇ ಮಣ್ಣು ಮಾಡುತ್ತೇವೆ. ಗೋಡೆಗೊರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಆದರೆ ಬಲಮೊಣಕಾಲು ಮಾತ್ರ ಮೊಂಡು ಹಿಡಿದು ಮೇಲೆದ್ದೇ ಇತ್ತು.

"ಬೇಗ ಒತ್ರೀ, ಮೈ ಬಿಗಿಯತ್ತೆ" ಎಂದರು ಸಂಬಂಧಿಕರೊಬ್ಬರು. ಇನ್ನೊಬ್ಬರು ಅಂಗೈ ಊರಿಯೇಬಿಟ್ಟರು.

"ಒತ್ತಬೇಡಿ!" ಎಂದು ಕಿರುಚಿದೆ. ಕಿರುಚಿದ್ದು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ.

ಮನೆಗೆ ಹೋಗಿ ದಿಂಬು ತಂದೆ. ಮೊಣಕಾಲ ಕೆಳಗೆ ನಿಧಾನವಾಗಿ ತೂರಿಸಿದೆ. ಕಾಲು ನಿಂತಿತು, ಹರಡಿನ ಜಡ್ಡು ಕಾಣದ ಹಾಗೆ ಸೀರೆ ಸರಿಮಾಡಿದೆ. ಆಮೇಲೆ ಕಿವಿಯ ಹತ್ತಿರ ಬಾಗಿ, ಯಾರಿಗೂ ಕೇಳಿಸದಂತೆ ಅಂದೆ: "ಇಟ್ಟೆ ಟೀಚರ್. ನೀವೇ ಹೇಳಿದ್ರಲ್ಲ."

ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ದಿಂಬು ಅವರ ಜೊತೆಗೇ ಮಣ್ಣಿಗೆ ಹೋಯಿತು. ನಾನು ಹೊಸದೊಂದು ಹೊಲಿದುಕೊಂಡೆ. ಅವರನ್ನು ಕ್ಷಮಿಸಿಲ್ಲ. ಆದರೆ ಬೆಳಗ್ಗೆ ಮಣೆಯ ಮೇಲೆ ಕೂರುವಾಗ ಎಡಮೊಣಕಾಲು ಇವತ್ತಿಗೂ ಚುಳ್ ಎನ್ನುತ್ತದೆ, ಅವರು ಕಲಿಸಿದ ಹಾಗೆಯೇ ಉದ್ದಕ್ಕೆ ಉಸಿರು ಬಿಡುತ್ತೇನೆ, ನೋವು ಇಳಿಯುತ್ತದೆ. ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದು ಆಮೇಲೆ.